ನಿಘಂಟು ತೂಗುಹಲಗೆ ಏರಿದ ಕಥೆ

ಅರ್ಥ ತಿಳಿಯದೆ ಮಾತಾಡುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅರ್ಥ ತಿಳಿಯದೆ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದವರಿದ್ದಾರೆ, ಅರ್ಥ ತಿಳಿಯದೆ ಸಹಿ ಹಾಕಿ ಪೇಚಿಗೆ ಸಿಕ್ಕಿದವರಿದ್ದಾರೆ, ಅರ್ಥ ತಿಳಿಯದೆ ಮದುವೆಯಾದವರ ಸುದ್ದಿಯಂತೂ ಬೇಡವೇ ಬೇಡ. ಇಂಥ ಲೋಕದಲ್ಲಿ, ಒಂದು ಪದದ ಅರ್ಥ ಬೇರುಸಮೇತ ತಿಳಿಯುವ ತನಕ ಅದರ ಮೊದಲ ಅಕ್ಷರಕ್ಕೂ ಬ್ರಷ್ ತಾಗಿಸುವುದಿಲ್ಲ ಎಂದು ಪಟ್ಟು ಹಿಡಿದ ಒಬ್ಬನೇ ಒಬ್ಬ ಮಹಾಪುರುಷ ನಮ್ಮ ಬೀದಿಯಲ್ಲಿದ್ದ. ವೃತ್ತಿಯಲ್ಲಿ ಬೋರ್ಡು ಬರೆಯುವ ಪೇಂಟರ್. ಬೀದಿ ಇಟ್ಟ ಹೆಸರು ನಿಘಂಟು.

ನಿಘಂಟುವಿನ ಪ್ರತಾಪಗಳು ಬಾಯಿಂದ ಬಾಯಿಗೆ ಹರಿದು ಕೊಬ್ಬಿದ್ದವು. ಔಷಧಿ ಅಂಗಡಿಯವನು ತನ್ನ ಮಹಡಿಯ ಹಣೆಯ ಮೇಲೆ ‘ಫಾರ್ಮಸಿ’ ಎಂದು ಬರೆಸಲು ಕರೆದಾಗ, ಈತ ಆ ಪದದ ಬೆನ್ನು ಹತ್ತಿ ಗ್ರೀಕರ ತನಕ ಹೋಗಿ, ಅವರಲ್ಲಿ ಮದ್ದಿಗೂ ವಿಷಕ್ಕೂ ಒಂದೇ ಮಾತಿತ್ತು ಎಂಬ ಸಂಗತಿಯನ್ನು ಹೊತ್ತು ತಂದನಂತೆ. ಅಂಗಡಿಯವನು ಹೌಹಾರಿ, ಬರೆಸುವುದನ್ನೇ ಕೈಬಿಟ್ಟು, ಮುದ್ರಿಸಿದ ಬೋರ್ಡೊಂದನ್ನು ತರಿಸಿ ಏರಿಸಿದನಂತೆ. ಬ್ಯಾಂಕಿನ ಮ್ಯಾನೇಜರರ ಕಥೆ ಇನ್ನೂ ದೊಡ್ಡದು. ‘ಬ್ಯಾಂಕ್ ಅಂದ್ರೆ ಮೂಲದಲ್ಲಿ ಬೆಂಚು ಸಾರ್. ನಿಮ್ಮಲ್ಲಿ ಕೂರೋಕೆ ಒಂದಾದ್ರೂ ಬೆಂಚಿದೆಯಾ?’ ಎಂದು ಈತ ಕೇಳಿದ ಮೇಲೆ ಮ್ಯಾನೇಜರು ನಾಚಿ ಬೆಂಚು ಹಾಕಿಸಿದರು. ಎತ್ತರದ ಬೋರ್ಡನ್ನು ಮಾತ್ರ ಬೇರೆಯವನ ಕೈಯಲ್ಲಿ ಬರೆಸಿದರು. ಹೀಗೆ ಕೆಲಸ ಕೈತಪ್ಪಿದಷ್ಟೂ ಕೀರ್ತಿ ಬೆಳೆಯಿತು. ‘ಹೊಟ್ಟೆಗಿಂತ ಅರ್ಥ ದೊಡ್ಡದು ಅಂತಾನಲ್ಲ, ಎಂಥ ಮನುಷ್ಯ!’ ಎಂದು ನಾವೆಲ್ಲ ನಮ್ಮ ಹೊಟ್ಟೆ ಸವರಿಕೊಂಡು ಮೆಚ್ಚಿಕೊಂಡೆವು.

ಇಂಥವನ ಬಾಗಿಲಿಗೆ ಒಂದು ಬೆಳಿಗ್ಗೆ ವ್ಯಾಯಾಮ ಸಂಘದ ಕಾರ್ಯದರ್ಶಿ ಬಂದರು. ಕೊರಳಲ್ಲಿ ಸೀಟಿ, ಕಂಕುಳಲ್ಲಿ ಒಂದು ಹಳೆಯ ಫೋಟೋ. ಅವರ ಸಂಘ ಬೀದಿಯ ತುದಿಯ ಮೂರಂತಸ್ತಿನ ಕಟ್ಟಡದಲ್ಲಿತ್ತು. ಒಳಗೆ ಎತ್ತರದ ಸೂರಿನಿಂದ ಇಳಿಬಿದ್ದ ಉಂಗುರಗಳು, ಜೋತಾಡುವವರ ಅಂಗೈ ಉಜ್ಜಿ ಉಜ್ಜಿ ಹೊಳಪೇರಿದ ಅಡ್ಡಮರದ ಬಾರುಗಳು, ಬೆವರು ಕುಡಿದು ಗಟ್ಟಿಯಾದ ಹಾಸುಗಳು. ಸಂಘವನ್ನು ಕಟ್ಟಿದಾತ ಎಂದೋ ಜರ್ಮನರ ನಾಡಿಗೆ ಹೋಗಿ ಪಲ್ಟಿ ಹೊಡೆಯುವುದನ್ನು ಕಲಿತು ಬಂದಿದ್ದನಂತೆ. ಬರುವಾಗ ಹೆಸರನ್ನೂ ಅಲ್ಲಿಂದಲೇ ತಂದಿದ್ದ. ಫೋಟೋದಲ್ಲಿ ಕಟ್ಟಡದ ನೆತ್ತಿಯ ಮೇಲೆ ಆ ಹೆಸರು ಈ ತುದಿಯಿಂದ ಆ ತುದಿಯವರೆಗೆ ಹಬ್ಬಿತ್ತು: ಟುರ್ನ್‌ಫೆರೈನ್. ಅವರ ಲಿಪಿಯಲ್ಲಿ ಹತ್ತು ಅಕ್ಷರ. ಬಿಸಿಲಿಗೆ ಮಾಸಿ ಈಗ ಒಂದೂ ಉಳಿದಿರಲಿಲ್ಲ.

‘ಮತ್ತೆ ಹಾಗೇ ಬರೀಬೇಕು,’ ಎಂದರು ಕಾರ್ಯದರ್ಶಿ. ‘ಬೋರ್ಡು ಮಾಡಿಸಿ ಏರಿಸೋಣ ಅಂದ್ರೆ ಆಗಲ್ಲ. ಪಕ್ಕದ ಬೀದೀಲಿ ಗಾಳಿಗೆ ಬೋರ್ಡು ಬಿದ್ದಾಗಿಂದ ಇಲ್ಲಿ ನೇತುಹಾಕೋ ಹಾಗೇ ಇಲ್ಲ. ಗೋಡೆ ಮೇಲೇ ಬಣ್ಣ. ನೀವೇ ಹತ್ತಬೇಕು.’

ನಿಘಂಟು ಫೋಟೋವನ್ನು ಹತ್ತಿರ ತಂದು ನೋಡಿದ, ದೂರ ಹಿಡಿದು ನೋಡಿದ. ಆಮೇಲೆ ಲೋಕಪ್ರಸಿದ್ಧವಾದ ಆ ಪ್ರಶ್ನೆ ಹೊರಬಿತ್ತು.

‘ಇದರ ಅರ್ಥ?’

‘ಅರ್ಥ ಏನ್ರೀ, ಕ್ಲಬ್ಬಿನ ಹೆಸರು.’

‘ಹೆಸರಿಗೆ ಅರ್ಥ ಇರಲ್ವಾ ಸಾರ್?’

‘ಇರುತ್ತಪ್ಪ. ಕ್ರೀಡಾ ಸಂಘ ಅಂತ ಇಟ್ಕೊಳ್ಳಿ.’

‘ಇಟ್ಕೊಳ್ಳೋಕೆ ಇದೇನು ಪಾತ್ರೆನಾ? ಇಷ್ಟುದ್ದ ಇದೆ. ಎಲ್ಲಿ ಮುರಿಯುತ್ತೆ, ಯಾವ ತುಂಡಿಗೆ ಏನು ಅಂತ ಬಿಡಿಸಿ ಹೇಳಿ. ಸುಮ್ಮನೆ ಗೀಚೋಕೆ ನಂಗಾಗಲ್ಲ.’

ಆಜನ್ಮ ಸಂಘದಲ್ಲೇ ಪಲ್ಟಿ ಹೊಡೆದ ಕಾರ್ಯದರ್ಶಿಗಳು ಈ ಏಟಿಗೆ ಮೊದಲ ಸಲ ಅಂಗಾತ ಬಿದ್ದರು. ಬಾಗಿಲಲ್ಲೇ ನಿಂತು ತಲೆ ಕೆರೆದು, ‘ಹಳೇ ಜರ್ಮನ್ ಟೀಚರ್ ಒಬ್ಬರಿದ್ದಾರೆ. ಅವರನ್ನ ಕೇಳೋಣ. ಅರ್ಥ ಸಿಕ್ಕಿದ ಮೇಲೆ ಹತ್ತುತ್ತೀರಿ ತಾನೆ?’ ಎಂದರು.

‘ಸಿಕ್ಕಿದ ಮೇಲೆ,’ ಎಂದ ನಿಘಂಟು. ಕಾರ್ಯದರ್ಶಿಗಳು ಮರೆಯಾದ ಮೇಲೆ ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದು ಕೂತ.

ಒಳಗೆ ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ಅವರ ಮನೆಯ ಮುಂದಿನ ಕೋಣೆ ಅವಳದು: ಉದ್ದನೆಯ ಮೇಜು, ಸುಟ್ಟ ಕಂಬಳಿಯ ಹಾಸು, ಊರವರ ಶರ್ಟುಗಳು. ಹಿಂದಿನ ಕೋಣೆ ಅವನದು: ಬಣ್ಣದ ಡಬ್ಬಿ, ಟರ್ಪೆಂಟೈನ್ ವಾಸನೆ. ನಡುವೆ ಕಿಟಕಿಯ ಪಕ್ಕದ ಕುರ್ಚಿ ಚಿಕ್ಕಪ್ಪನದು. ಗಿಡ್ಡವಾದ ಎಡಗಾಲನ್ನು ಖಾಲಿ ಡಬ್ಬಿಯ ಮೇಲೆ ಇಟ್ಟುಕೊಂಡು ಆತ ಬೀದಿಯ ಮೇಲೆ ನಿಗಾ ಇಟ್ಟಿರುತ್ತಿದ್ದ.

‘ರೀ,’ ಎಂದಳು ಹೆಂಡತಿ, ಕಾಲರ್ ಮೇಲಿಂದ ಕಣ್ಣೆತ್ತದೆ, ‘ಮೊನ್ನೆ ಷಟರ್ ಮೇಲೆ ಝೂಪ್ಟೆಕ್ ಮೊಬೈಲ್ಸ್ ಅಂತ ಬರೆದು ಬಂದ್ರಲ್ಲ. ಝೂಪ್ಟೆಕ್ ಅಂದ್ರೇನು?’

‘ಯಾರಿಗ್ಗೊತ್ತು.’

‘ಕೇಳಲಿಲ್ವಾ?’

‘ಅದು ಷಟರ್ ಕಣೇ.’

‘ಅಂದ್ರೆ ನೆಲದ ಮೇಲಿತ್ತು. ನೆಲದ ಮೇಲಿನ ಪದಕ್ಕೆ ಅರ್ಥ ಬೇಡ, ಮಹಡಿ ಮೇಲಿನ ಪದಕ್ಕೆ ಮಾತ್ರ ಬೇಕು. ಊರಿಗೆ ಗೊತ್ತಿಲ್ಲ ಅಂತ ನನಗೂ ಗೊತ್ತಿಲ್ವಾ?’

ಚಿಕ್ಕಪ್ಪ ಕಿಟಕಿಯ ಕಡೆ ತಿರುಗಿ ಗೊಳ್ಳೆಂದು ನಕ್ಕ. ನಿಘಂಟು ನಗಲಿಲ್ಲ. ಅಂಗಾಲಿನಲ್ಲಿ ಆಗಲೇ ಜುಮುಜುಮು ಶುರುವಾಗಿತ್ತು.

ಮಹಾಪುರುಷನ ಗುಟ್ಟು ಇಷ್ಟೇ: ಎತ್ತರ ಎಂದರೆ ಅವನಿಗೆ ಪ್ರಾಣ ಹೋಗುತ್ತಿತ್ತು. ಅವನ ಮನೆಯಲ್ಲಿ ಬಲ್ಬು ಬದಲಿಸುತ್ತಿದ್ದವಳು ಹೆಂಡತಿ. ಅವನು ಕೆಳಗೆ ನಿಂತು ‘ಹುಷಾರು, ಹುಷಾರು’ ಎನ್ನುತ್ತ ಬೆವರುತ್ತಿದ್ದ. ಹೀಗಾಗಲು ಕಾರಣ ಕುರ್ಚಿಯಲ್ಲಿ ಕೂತಿದ್ದ ಚಿಕ್ಕಪ್ಪನೇ. ಬಣ್ಣದ ಕೆಲಸ ಕಲಿಸಿದವನು ಅವನು. ಸಿನಿಮಾ ಮಂದಿರದ ಗೋಡೆಯ ಮೇಲೆ ನಾಯಕನ ಹುಬ್ಬು ತಿದ್ದುತ್ತಿದ್ದಾಗ ಏಣಿಯ ಮೆಟ್ಟಿಲು ಲಟಕ್ಕೆಂದಿತು. ಏಣಿಯ ಬುಡ ಹಿಡಿದು ನಿಂತಿದ್ದ ನಿಘಂಟು ತಲೆ ಎತ್ತಿದ. ಚಿಕ್ಕಪ್ಪ ಕೈಯಲ್ಲಿ ಬ್ರಷ್ ಬಿಡದೆ ಕೆಳಗಿಳಿದು ಬರುತ್ತಿದ್ದ, ಬ್ರಷ್ ಗೋಡೆಯುದ್ದಕ್ಕೂ ಒಂದು ಹಳದಿ ಗೆರೆ ಎಳೆಯುತ್ತಿತ್ತು. ಆ ಗೆರೆ ನಾಯಕನ ಹುಬ್ಬಿನಿಂದ ಹೊರಟು, ಮೂಗು ಸೀಳಿ, ನಿಘಂಟುವಿನ ಕಣ್ಣೆದುರು ಮುಗಿಯಿತು. ಅದಾದ ಮೇಲೆ ಒಂದು ಸದ್ದು. ಆ ಸದ್ದನ್ನು ಅವನು ಯಾರಿಗೂ ವರ್ಣಿಸಿಲ್ಲ.

‘ಬಿದ್ದವನು ನಾನು ಕಣೋ,’ ಎನ್ನುತ್ತಿದ್ದ ಚಿಕ್ಕಪ್ಪ. ‘ನಂದು ಒಂದೇ ಕ್ಷಣಕ್ಕೆ ಮುಗೀತು. ನೀನು ನೋಡು, ಇನ್ನೂ ಬೀಳ್ತಾನೇ ಇದ್ದೀಯ.’

ಇಷ್ಟು ಕಾಲ ಅರ್ಥದ ನೆಪದಲ್ಲಿ ಹೇಗೋ ಕಳೆದಿತ್ತು. ಆದರೆ ಕಂಪ್ಯೂಟರಿನಲ್ಲಿ ಅಚ್ಚು ಹೊಡೆದ ಬೋರ್ಡುಗಳು ಬಂದು, ಕೈಗೆಟಕುವ ಅಂಗಡಿಗಳನ್ನೆಲ್ಲ ಒಂದೊಂದಾಗಿ ನುಂಗಿದವು. ಷಟರುಗಳೂ ಈಗ ಅಪರೂಪ. ಬ್ರಷ್ಷಿಗೆ ಉಳಿದದ್ದು ಎತ್ತರದ ಗೋಡೆಗಳು ಮಾತ್ರ. ಸಂಘದ ಗೋಡೆಯನ್ನೂ ಬಿಟ್ಟರೆ ಈ ಕಸುಬಿಗೇ ಬಾಗಿಲು ಹಾಕಬೇಕು. ‘ಆಗಲ್ಲ ಅಂತ ಹೇಳಿ ಸುಮ್ಮನಾಗಿ, ಇಸ್ತ್ರಿ ಮಾಡೋಣ ಇಬ್ರೂ,’ ಎಂದಳು ಹೆಂಡತಿ ಮೆತ್ತಗೆ. ಅವನು ತನ್ನ ಬ್ರಷ್ಷುಗಳನ್ನು ನೋಡಿದ. ಅವುಗಳ ಕೂದಲನ್ನು ಸಾಬೂನಿನಲ್ಲಿ ಚೂಪು ಮಾಡಿ ಸಾಲಾಗಿ ಮಲಗಿಸಿದ್ದ. ಹತ್ತಿದರೆ ಜೀವ ಹೋಗುತ್ತದೆ, ಹತ್ತದಿದ್ದರೆ ಜೀವನ ಹೋಗುತ್ತದೆ. ಸದ್ಯಕ್ಕೆ ಉಳಿದಿದ್ದ ದಾರಿ ಒಂದೇ: ಅರ್ಥ ಎಷ್ಟು ಉದ್ದವಾಗುತ್ತದೋ ಅಷ್ಟು ಎಳೆಯುವುದು.

ಜರ್ಮನ್ ಟೀಚರ್ ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ಉಣ್ಣೆ ಹೆಣೆಯುತ್ತ, ಕೇಳುವವರಿಲ್ಲದೆ ವ್ಯಾಕರಣವನ್ನೆಲ್ಲ ಎದೆಯಲ್ಲೇ ಇಟ್ಟುಕೊಂಡು ಕೂತಿದ್ದರು. ಬಾಗಿಲಿಗೆ ಒಬ್ಬ ಜಿಜ್ಞಾಸು ಬಂದ ಕೂಡಲೇ ಕನ್ನಡಕ ಏರಿಸಿ, ‘ಬನ್ನಿ ಪೇಂಟರ್ರೇ, ಕೂತ್ಕೊಳ್ಳಿ. ಎರಡು ತುಂಡು ಮಾಡೋಣ ಅದನ್ನ,’ ಎಂದರು. ತುಂಡು ಎಂಬ ಮಾತಿಗೇ ನಿಘಂಟು ಕುರ್ಚಿಯ ಕೈ ಹಿಡಿದುಕೊಂಡ.

‘ಟುರ್ನ್ ಒಂದು ತುಂಡು, ಫೆರೈನ್ ಇನ್ನೊಂದು. ಮೊದಲನೇದು ಟುರ್ನೆನ್. ಅಂದ್ರೆ ಬಾರು, ಉಂಗುರ ಹಿಡಿದು ಕಸರತ್ತು ಮಾಡೋದು. ಇನ್ನೂರು ವರ್ಷದ ಹಿಂದೆ ಅವರ ನಾಡಲ್ಲಿ ಪರರ ಸೈನ್ಯ ಬಂದು ತುಳಿದಿತ್ತು. ಆಗ ಒಬ್ಬ ಗಡ್ಡದ ಮೇಷ್ಟ್ರು ಹುಡುಗರನ್ನ ಬಯಲಿಗೆ ಕರೆದು ಕಸರತ್ತು ಶುರು ಮಾಡಿಸಿದ. ಅದಕ್ಕೆ ಪರಭಾಷೆ ಹೆಸರು ಬೇಡ ಅಂತ ಹುಡುಕಿ ಹುಡುಕಿ ಈ ಪದ ಹಿಡಿದ. ಇದು ಅಪ್ಪಟ ನಮ್ಮ ಮಣ್ಣಿನ ಮಾತು ಅಂತ ಎದೆ ತಟ್ಟಿಕೊಂಡ.’

‘ಸರಿ ಮೇಡಂ,’ ಎಂದ ನಿಘಂಟು. ಆಮೇಲೆ ಮೂರಂತಸ್ತಿನ ಮೇಲಿನ ಗಾಳಿ ನೆನಪಾಗಿ, ‘ಅದಕ್ಕೂ ಹಿಂದೆ?’ ಎಂದ.

ಟೀಚರ್ ಹೆಣಿಗೆ ಕೆಳಗಿಟ್ಟರು. ‘ಶಹಬ್ಬಾಸ್! ಅಲ್ಲೇ ಇರೋದು ಮಜಾ. ಪಂಡಿತರು ಆಮೇಲೆ ಅಗೆದು ನೋಡಿದ್ರೆ ಅದು ಅವರ ಮಣ್ಣಿಂದೇ ಅಲ್ಲ. ಲ್ಯಾಟಿನ್ನಿಂದ ಬಂದದ್ದು. ಅಲ್ಲಿ ಅದರ ಅರ್ಥ, ಬಡಗಿ ಮರದ ತುಂಡನ್ನ ಲೇತಿನ ಮೇಲೆ ತಿರುಗಿಸಿ ತಿರುಗಿಸಿ ದುಂಡಗೆ ಕಡೆಯೋದು.’

‘ಅದಕ್ಕೂ ಹಿಂದೆ ಮೇಡಂ?’

‘ನಾಳೆ ಬನ್ನಿ, ಪುಸ್ತಕ ಹುಡುಕಿಡ್ತೀನಿ.’

ಒಂದು ದಿನ ಗಿಟ್ಟಿತು. ಮಾರನೆಯ ದಿನ ಗ್ರೀಕ್ ಸಿಕ್ಕಿತು: ವೃತ್ತ ಎಳೆಯುವ ಉಪಕರಣಕ್ಕೆ ಗ್ರೀಕರು ಅದೇ ಹೆಸರಿಟ್ಟಿದ್ದರು, ಲೇತಿಗೂ ಅದನ್ನೇ ಕರೆದರು. ಬಡಗಿಯ ಸಲಕರಣೆ ನಾಡು ನಾಡು ಸುತ್ತಿ, ಕೊನೆಗೆ ಬಾರಿನ ಮೇಲೆ ಗಿರಗಿರ ತಿರುಗುವ ಹುಡುಗರ ಹೆಸರಾಯಿತು. ಟೀಚರ್ ಖುಷಿಯಲ್ಲಿ ಕುರ್ಚಿಯ ತುದಿಗೆ ಬಂದಿದ್ದರು. ತಮ್ಮ ಜೀವಮಾನದಲ್ಲಿ ಇಂಥ ವಿದ್ಯಾರ್ಥಿ ಸಿಕ್ಕಿರಲಿಲ್ಲ ಎಂದು ಕಾರ್ಯದರ್ಶಿಗಳಿಗೆ ಫೋನು ಮಾಡಿ ಹೇಳಿದರು. ವಿದ್ಯಾರ್ಥಿಯಾದರೋ, ಬೇರು ಇನ್ನೂ ಆಳಕ್ಕಿರಲಪ್ಪ ಎಂದು ಒಳಗೊಳಗೇ ಮೊರೆಯಿಡುತ್ತಿದ್ದ.

‘ಇನ್ನು ಎರಡನೇ ತುಂಡು,’ ಎಂದರು ಟೀಚರ್. ‘ಫೆರೈನ್. ಅದರೊಳಗೆ ಐನ್ ಇದೆ. ಐನ್ ಅಂದ್ರೆ ಒಂದು. ಮುಂದೆ ಫೆರ್ ಅಂತ ಒಂದು ಬಾಲ... ಅಲ್ಲ, ತಲೆ. ಅದು ಸೇರಿದ್ರೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಆಗೋದು. ಬೇರೆ ಬೇರೆ ಇದ್ದವರು ಒಂದಾಗೋದು. ಅದೇ ಸಂಘ.’

‘ಫೆರ್ ಅಂದ್ರೆ ಯಾವಾಗಲೂ ಒಳ್ಳೇದೇನಾ ಮೇಡಂ?’

‘ಅಯ್ಯೋ, ಎಲ್ಲಿ! ಬಲು ಕಿಲಾಡಿ ಅದು. ದಾರಿ ತಪ್ಪೋದು ಅನ್ನೋಕೂ ಫೆರ್. ಬರೆಯುವಾಗ ತಪ್ಪು ಬರೆಯೋದು ಅನ್ನೋಕೂ ಫೆರ್. ಅಪಘಾತಕ್ಕೆ ಸಿಕ್ಕೋದು ಅನ್ನೋಕೂ ಅದೇ ತಲೆ.’

ನಿಘಂಟು ಕುರ್ಚಿಯಲ್ಲೇ ಹಿಂದಕ್ಕೆ ಸರಿದ. ‘ಅದಕ್ಕೂ ಹಿಂದೆ?’ ಎಂದ. ಧ್ವನಿ ಕೀರಲಾಗಿತ್ತು.

‘ಅದಕ್ಕೂ ಹಿಂದೆ ಏನೂ ಇಲ್ಲ ಪೇಂಟರ್ರೇ,’ ಟೀಚರ್ ಪುಸ್ತಕ ಮುಚ್ಚಿದರು. ‘ನನಗೆ ಗೊತ್ತಿರೋದು ಅಷ್ಟೇ. ಇನ್ನು ಧಾರಾಳವಾಗಿ ಬರೀಬಹುದು.’

ಹೀಗೆ ಭಾಷಾಶಾಸ್ತ್ರ ಮುಗಿದುಹೋಯಿತು.

ಬರೆಯಲು ಗೊತ್ತುಮಾಡಿದ ದಿನ ಬೀದಿಗೆ ಬೀದಿಯೇ ಸಂಘದ ಮುಂದೆ ಜಮಾಯಿಸಿತು. ಅರ್ಥ ಹುಡುಕಿ ಗ್ರೀಕರ ತನಕ ಹೋದವನ ಕೈಬರಹ ನೋಡಬೇಡವೇ? ಹೆಂಡತಿ ಇಸ್ತ್ರಿ ಪೆಟ್ಟಿಗೆ ಆರಿಸಿ ಬಂದಿದ್ದಳು. ಚಿಕ್ಕಪ್ಪನನ್ನು ಕುರ್ಚಿ ಸಮೇತ ಹೊತ್ತು ತಂದು ಎದುರಿನ ಕಟ್ಟೆಯ ಮೇಲೆ ಇಳಿಸಿದ್ದರು. ಮೇಲೆ ತಾರಸಿಯಲ್ಲಿ ಸಂಘದ ಜಟ್ಟಿಗಳು ಗೋಡೆಯ ನಡುಮಧ್ಯಕ್ಕೆ ತೂಗುಹಲಗೆ ಇಳಿಬಿಟ್ಟು ಹಗ್ಗ ಹಿಡಿದು ನಿಂತಿದ್ದರು. ಪಲ್ಟಿ ಕಲಿಯುವವರ ಸೊಂಟಕ್ಕೆ ಕಟ್ಟುವ ಬೆಲ್ಟನ್ನು ನಿಘಂಟುವಿನ ಸೊಂಟಕ್ಕೆ ಬಿಗಿದರು. ಕೈಗೊಂದು ದಾರ ಕೊಟ್ಟು ಕಾರ್ಯದರ್ಶಿ ಹೇಳಿದರು: ‘ಇದನ್ನ ಒಂದ್ಸಲ ಜಗ್ಗಿದ್ರೆ ಹಲಗೇನ ಎಡಕ್ಕೆ ಸರಿಸ್ತಾರೆ. ಎರಡು ಸಲ ಜಗ್ಗಿದ್ರೆ ಬಲಕ್ಕೆ. ಮೊದಲು ಎಡದ ತುದಿಗೆ ಹೋಗಿ ಶುರು ಮಾಡಿ, ಒಂದೊಂದು ಅಕ್ಷರಕ್ಕೂ ಸರೀತಾ ಬನ್ನಿ.’

‘ಹೂಂ,’ ಎಂದ ನಿಘಂಟು. ಆ ಹೂಂ ಬಾಯಿಂದ ಬಂತೋ ಹೊಟ್ಟೆಯಿಂದ ಬಂತೋ ಅವನಿಗೇ ತಿಳಿಯಲಿಲ್ಲ.

ತಾರಸಿಯ ಅಂಚು ದಾಟಿ ಹಲಗೆಯ ಮೇಲೆ ಕೂತದ್ದು ಹೇಗೆ ಎಂದು ಅವನಿಗೆ ನೆನಪಿಲ್ಲ. ನೆನಪಿರುವುದು, ಕಣ್ಣು ಬಿಟ್ಟಾಗ ಮೂಗಿನ ಮುಂದೆ ಹೊಸ ಸುಣ್ಣದ ಗೋಡೆ, ಅದರಲ್ಲಿ ಕೂದಲೆಳೆಯಂಥ ಒಂದು ಬಿರುಕು. ಪ್ರಪಂಚದಲ್ಲಿ ಉಳಿದ ಜಾಗ ಅಷ್ಟೇ. ಬೆನ್ನ ಹಿಂದೆ ಏನೂ ಇರಲಿಲ್ಲ. ಆ ಏನೂ ಇಲ್ಲದ್ದು ಅಂಗಿಯೊಳಗೆ ನುಗ್ಗಿ ಬೆನ್ನು ಸವರುತ್ತಿತ್ತು. ಎಡಗೈ ಹಗ್ಗವನ್ನು ಹಿಡಿದದ್ದು ಹಿಡಿದೇ ಇತ್ತು. ಬಿಡು ಎಂದರೆ ಬಿಡಲೊಲ್ಲದು. ರಾತ್ರಿಯೆಲ್ಲ ಕೂತು ಅಳತೆಗೆ ತಕ್ಕಂತೆ ತೂತು ಹೊಡೆದು ತಂದಿದ್ದ ನಮೂನೆ ಕಾಗದವನ್ನು ಗೋಡೆಗೆ ಒತ್ತಿ, ತೂತುಗಳಲ್ಲಿ ಅಕ್ಷರದ ಗುರುತು ಮೂಡುವಂತೆ ಇದ್ದಿಲ ಪುಡಿ ತಟ್ಟಬೇಕಿತ್ತು. ಅದಕ್ಕೆ ಎರಡು ಕೈ ಬೇಕು. ಕಾಗದ ತೊಡೆಯಿಂದ ಜಾರಿ, ಗಾಳಿಯಲ್ಲಿ ಸುರುಳಿ ಬಿಚ್ಚಿಕೊಂಡು ಕೆಳಗೆ ಹೋಯಿತು. ಅದು ನೆಲ ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅವನ ಕಿವಿ ಕಾಯಿತು. ಸದ್ದೇ ಬರಲಿಲ್ಲ.

‘ಓಹೋ, ಕಾಗದಾನೇ ಬೇಡವಂತೆ! ನೇರ ಕೈಯಲ್ಲೇ!’ ಎಂದು ಕೆಳಗೆ ಯಾರೋ ಉದ್ಗಾರ ತೆಗೆದರು.

ಈಗ ದಾರ ಜಗ್ಗಬೇಕಿತ್ತು. ಜಗ್ಗಿದರೆ ಹಲಗೆ ಅಲುಗುತ್ತದೆ. ಅಲುಗಿದರೆ... ನಿಘಂಟು ದಾರವನ್ನು ಹಲ್ಲಿನ ನಡುವೆ ಕಚ್ಚಿ ಇಟ್ಟುಕೊಂಡ, ಯಾರೂ ತಪ್ಪಿ ಜಗ್ಗದ ಹಾಗೆ. ಬಲಗೈಯಲ್ಲಿ ಬ್ರಷ್ ಅದ್ದಿ, ಮೈಯನ್ನು ಒಂದಿಷ್ಟೂ ವಾಲಿಸದೆ ಕೈಯನ್ನು ಎಡಕ್ಕೆ ಎಷ್ಟು ಚಾಚಬಹುದೋ ಅಷ್ಟು ಚಾಚಿ, ಮೊದಲ ಅಕ್ಷರದ ಅಡ್ಡಗೆರೆ ಎಳೆದ.

ಮೇಲೆ ಜಟ್ಟಿಗಳು ಸಂಜ್ಞೆಗಾಗಿ ಕಾದರು. ‘ಇನ್ನೂ ಜಗ್ಗಲಿಲ್ವಲ್ಲೋ?’ ‘ಧ್ಯಾನ ಮಾಡ್ತಿರಬೇಕು, ಸುಮ್ನಿರು.’

ಟುರ್ನ್ ಮುಗಿಯುವಷ್ಟರಲ್ಲಿ ಅಂಗಿ ತೊಯ್ದಿತ್ತು. ತಿರುಗುವುದು, ಲೇತು, ವೃತ್ತ ಎಂದು ಟೀಚರ್ ಹೇಳಿದ್ದನ್ನೇ ಮಂತ್ರದ ಹಾಗೆ ಗೊಣಗುತ್ತಿದ್ದ. ತಿರುಗುವುದನ್ನು ನೆನೆದದ್ದೇ ತಲೆ ತಿರುಗಿತು. ಅದನ್ನು ಬಿಟ್ಟು ಮುಂದಿನ ಫೆರ್‌ಗೆ ಬಂದ. ಅದರ ಎರಡನೇ ಅಕ್ಷರ ಮುಗಿಸುತ್ತಿದ್ದಂತೆ ಹಗ್ಗ ಭಾರಕ್ಕೆ ಒಂದು ಗೇಣು ಜಗ್ಗಿತು. ಹಲಗೆ ಧಡಕ್ಕೆಂದು ಕುಸಿದು ನಿಂತಿತು. ಡಬ್ಬಿ ತೂಗಾಡಿ, ಬ್ರಷ್ಷಿನಿಂದ ಒಂದು ಹನಿ ಕಳಚಿತು. ಎಂದೂ ಮಾಡಬಾರದೆಂದು ಶಪಥ ಮಾಡಿದ್ದನ್ನು ಆಗ ಮಾಡಿಬಿಟ್ಟ: ಹನಿಯನ್ನು ಹಿಂಬಾಲಿಸಿ ಕಣ್ಣು ಕೆಳಗೆ ಹೋಯಿತು.

ಹನಿ ಬೀಳುತ್ತಿತ್ತು. ಮೇಲಕ್ಕೆ ತಿರುಗಿದ ತಲೆಗಳೆಲ್ಲ ಹುರಿಗಾಳಿನ ಹಾಗಿದ್ದವು. ಬೀದಿ ಮೆಲ್ಲಗೆ ಮೇಲಕ್ಕೆ ಏರಿ ಬರತೊಡಗಿತು. ಎಡಗೈ ಬೆರಳುಗಳು ಒಂದೊಂದಾಗಿ ಸಡಿಲವಾಗುವುದು ಅವನಿಗೆ ಬೇರೆ ಯಾರದೋ ಕೈಯ ಸುದ್ದಿಯ ಹಾಗೆ ತಿಳಿಯಿತು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡದ್ದು ಕಂಡಿತು. ಅವಳ ಪಕ್ಕದ ಕುರ್ಚಿಯಿಂದ ಒಂದು ಗರ್ಜನೆ ಎದ್ದಿತು.

‘ಲೋ! ಗೋಡೆ ನೋಡೋ ಕತ್ತೆ! ನನ್ನ ಮುಖ ಏನ್ ನೋಡ್ತೀಯ? ನಾನು ಬಿದ್ದಾಯ್ತು ಕಣೋ, ಮುಗೀತು! ನೀನು ಬರೀ!’

ಆಮೇಲಿನದನ್ನು ಧೈರ್ಯ ಎಂದು ಕರೆಯುವ ಆಸೆ ನನಗೂ ಇದೆ, ಆದರೆ ಅದು ಧೈರ್ಯವಲ್ಲ. ಬೈಗುಳ ಕೇಳಿ ಅಭ್ಯಾಸವಾದ ಕಿವಿ ಕತ್ತನ್ನು ಗೋಡೆಯ ಕಡೆ ತಿರುಗಿಸಿತು, ಅಷ್ಟೇ. ಬಿರುಕು ಕಂಡಿತು. ಬೆರಳುಗಳು ಮತ್ತೆ ಬಿಗಿದವು. ಹಲ್ಲು ಕಟಕಟಿಸುತ್ತಿದ್ದುದರಿಂದ ಬಾಯಲ್ಲಿದ್ದ ದಾರ ತುಂಡಾಗಿ ಉದುರಿತು. ಇನ್ನು ಸರಿಯುವ ಮಾತೇ ಇಲ್ಲ. ಉಳಿದ ಅಕ್ಷರಗಳಿಗೆ ಉಳಿದದ್ದು ಬಲಗೈಯ ಚಾಚು ಮಾತ್ರ. ಅವನು ಒಂದೊಂದನ್ನೂ ಸಪೂರ ಮಾಡಿ, ಮಾಡಿದಷ್ಟೂ ಜಾಗ ಸಾಲದೆ ಇನ್ನೂ ಸಪೂರ ಮಾಡಿ, ಕಡೆಯ ಅಕ್ಷರವನ್ನು ಹೇಗೋ ಒಳಗೆ ನೂಕಿದ. ಆಮೇಲೆ ಕಣ್ಣು ಮುಚ್ಚಿ ‘ಎಳೀರೋ!’ ಎಂದು ಕಿರುಚಿದ.

ಕೆಳಗೆ ಇಳಿದು ಬಂದಾಗ ಬೀದಿಯ ಕತ್ತುಗಳೆಲ್ಲ ಇನ್ನೂ ಗೋಡೆಯ ಕಡೆಗೇ ಎತ್ತಿದ್ದವು. ಈ ತುದಿಯಿಂದ ಆ ತುದಿಗೆ ಹಬ್ಬಬೇಕಿದ್ದ ಹೆಸರು, ಅಷ್ಟು ದೊಡ್ಡ ಗೋಡೆಯ ನಟ್ಟನಡುವೆ, ಲಕೋಟೆಯ ಮೇಲಿನ ಸ್ಟಾಂಪಿನಷ್ಟು ಜಾಗದಲ್ಲಿ ಮುದುಡಿ ಕೂತಿತ್ತು. ಎರಡು ಪಕ್ಕದಲ್ಲೂ ಬಟ್ಟಬಯಲು. ತುಂಬಿದ ಬಸ್ಸಿನಲ್ಲಿ ನಿಂತ ಜನರ ಹಾಗೆ ಹತ್ತು ಅಕ್ಷರಗಳೂ ಒಂದರ ಭುಜ ಒಂದಕ್ಕೆ ಒತ್ತಿ, ಕೊನೆಯದಂತೂ ಉಸಿರು ಬಿಗಿ ಹಿಡಿದು ನಿಂತಿತ್ತು. ಆದರೆ ಒಂದೊಂದು ಗೆರೆಯೂ ಸೂಜಿಯಷ್ಟು ಚೊಕ್ಕ.

ಕಾರ್ಯದರ್ಶಿಗಳ ಮುಖ ಕೆಂಪೇರುತ್ತಿತ್ತು. ಸೀಟಿ ಬಾಯಿಗೆ ಹೋಯಿತು, ಊದಲು ಕೆನ್ನೆ ಉಬ್ಬಿತು. ಅಷ್ಟರಲ್ಲಿ ಗುಂಪಿನಲ್ಲಿದ್ದ ಜರ್ಮನ್ ಟೀಚರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಗದ್ಗದವಾಗಿ ಹೇಳಿದರು:

‘ನೋಡಿದ್ರಾ! ಫೆರೈನ್ ಅಂದ್ರೆ ಒಂದಾಗೋದು ಅಂದಿದ್ದೆ. ಅಕ್ಷರಗಳನ್ನೇ ಒಂದಾಗಿಸಿದ್ದಾರೆ! ಒಂದು ಇನ್ನೊಂದರ ಹೆಗಲು ಹಿಡಿದಿದೆ. ಸುತ್ತ ಅಷ್ಟು ಬಯಲು ಬಿಟ್ಟಿದ್ದಾರಲ್ಲ, ಅದು ಒಂಟಿತನ. ನಡುವೆ ಸಂಘ!’

ಸೀಟಿ ಮೆಲ್ಲಗೆ ಬಾಯಿಂದ ಇಳಿಯಿತು. ‘ನಾನೂ ಅದನ್ನೇ ಅಂದ್ಕೊಳ್ತಿದ್ದೆ,’ ಎಂದರು ಕಾರ್ಯದರ್ಶಿ. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಅದು ಹಬ್ಬಿತು. ತಾರಸಿಯ ಮೇಲಿನ ಜಟ್ಟಿಗಳೂ ಹಗ್ಗ ಬಿಟ್ಟು ತಟ್ಟಿದರು. ಕಾರ್ಯದರ್ಶಿಗಳು ನಿಘಂಟುವಿನ ತೋಳು ಹಿಡಿದು ಎಲ್ಲರಿಗೂ ಕಾಣುವಂತೆ ಮುಂದೆ ನಿಲ್ಲಿಸಿದರು. ‘ಈ ಕಲ್ಪನೆ ನಿಮಗೆ ಹೇಗೆ ಹೊಳೀತು, ನೀವೇ ಎಲ್ಲರಿಗೂ ಹೇಳಿ. ಇಂಥ ಗೋಡೆಗಳು ಊರಲ್ಲಿ ಇನ್ನೂ ಎಷ್ಟೋ ಇವೆ, ಎಲ್ಲಾ ನಿಮಗೇ ಕೊಡಿಸ್ತೀನಿ.’

ನಿಘಂಟು ಗೋಡೆಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಸೊಂಟದ ಬೆಲ್ಟನ್ನು ಬಿಚ್ಚಿ ಕಾರ್ಯದರ್ಶಿಗಳ ಕೈಗಿತ್ತ.

‘ಹೊಳೆದಿದ್ದೂ ಇಲ್ಲ ಏನೂ ಇಲ್ಲ ಸಾರ್,’ ಎಂದ. ‘ನಂಗೆ ಎತ್ತರ ಅಂದ್ರೆ ಭಯ. ಕೈ ಎಷ್ಟು ದೂರ ಹೋಯ್ತೋ ಅಷ್ಟರಲ್ಲೇ ಬರೆದೆ.’